ತೇಲುವ ಉಂಡೆಗಳು

ದುಂಡಗೆ ಏನೋ ಹೊಳೆಯಿತು, ಅಯ್ಯೋ, ಅಲ್ಲ, ಗಾಳಿಗುಳ್ಳೆ, ಅಂಚು ಇಷ್ಟು ಕಪ್ಪಗಿದ್ದರೆ ಗುಳ್ಳೆಯೇ, ಸೂಕ್ಷ್ಮದರ್ಶಕದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತೇನೆ, ಒಡೆದುಹೋಯಿತು, ಸದ್ಯ — ಈ ಬಟ್ಟಲಲ್ಲಿರುವುದು ನನ್ನ ತಮ್ಮ ಇಲ್ಮೊನ ತೊಡೆಯ ಗೆಡ್ಡೆಯ ಚೂರು, ನರದ ಹೊದಿಕೆಯಲ್ಲಿ ಹುಟ್ಟಿದ ಕ್ಯಾನ್ಸರ್, ಎರಡು ಸಲ ಕೊಯ್ದು ತೆಗೆದರೂ ಮತ್ತೆ ಬಂದದ್ದು, ಅಕ್ಕಾ, ನನ್ನ ಕಾಲು ನಿನ್ನ ಲ್ಯಾಬಲ್ಲಿ ಬಿಟ್ಟಿ ಊಟ ಹೊಡೀತಿದೆಯಲ್ಲ, ಬಾಡಿಗೆ ಇಸ್ಕೊಳ್ಳೆ ಅನ್ನುತ್ತಾನೆ, ಶನಿವಾರ ಸೌನಾದ ಹಬೆಕೋಣೆಯಲ್ಲೂ ನನ್ನ ಕಣ್ಣು ಆ ಹೊಲಿಗೆಯ ಗುರುತಿನ ಮೇಲೆಯೇ, ಏಯ್, ಅಲ್ಲೇನ್ ನೋಡ್ತೀಯ, ಕಾದ ಕಲ್ಲಿಗೆ ನೀರು ಹಾಕು, ಹಬೆ ಏಳ್ಲಿ — ಹೊರಗಿನ ಕಾರಿಡಾರಿನಿಂದ ಕಾಫಿಯ ವಾಸನೆ, ಯಾರೋ ಏಲಕ್ಕಿ ಬನ್ನು ತಂದಿದ್ದಾರೆ, ಇರಲಿ, ಮೊದಲು ಇದು, ಕೈ ಆಗಲೇ ಹೀರುಕೊಳವೆಯ ಕಡೆ ಹೋಗಿದೆ, ಹಾಳು ಅಭ್ಯಾಸ, ಕೆಲಸ ಕಲಿಸಿದ ರೈಲಿ ಹೇಳುತ್ತಿದ್ದಳು, ತೇಲೋವೆಲ್ಲ ಸತ್ತಿರೋವು ಕಣೆ, ಹೀರಿ ಚೆಲ್ಲು, ತಳಕ್ಕೆ ಅಂಟಿರೋವು ಮಾತ್ರ ಬದುಕಿರೋವು, ಎಲ್ಲರೂ ಹಾಗೆಯೇ ಚೆಲ್ಲುತ್ತಿದ್ದೆವು, ಆಮೇಲೆ ತಿಳಿಯಿತು, ಗೆಡ್ಡೆಯನ್ನು ಮತ್ತೆ ಹುಟ್ಟಿಸುವ ಕಾಂಡಕೋಶಗಳು ಅಂಟುವುದೇ ಇಲ್ಲ, ಒಂದನ್ನೊಂದು ಹಿಡಿದುಕೊಂಡು ಉಂಡೆಯಾಗಿ ತೇಲುತ್ತವೆ, ಮಾಮೂಲಿ ಮದ್ದು ಹಾಕಿದರೆ ಉಳಿದವೆಲ್ಲ ಸಾಯುತ್ತವೆ, ಇವು ಮಾತ್ರ ಸದ್ದಿಲ್ಲದೆ ಕಾದಿದ್ದು ಏಳುತ್ತವೆ — ಹೊಸ ಮದ್ದು ಹಾಕಿಟ್ಟ ಈ ಬಟ್ಟಲಲ್ಲಿ ಒಂದೇ ಒಂದು ಉಂಡೆ ಎದ್ದಿದ್ದರೂ ಇಲ್ಮೊನ ಕಾಲನ್ನು ಬುಡದಿಂದಲೇ ತೆಗೆಯುತ್ತಾರೆ, ಏಳದಿದ್ದರೆ ಇದೇ ಮದ್ದು ಅವನಿಗೆ, ಕಾಲು ಉಳಿಯುತ್ತದೆ, ಸದ್ಯಕ್ಕಾದರೂ.

ಎಡ ಮೂಲೆ, ಇಲ್ಲ, ಬಲ ಮೂಲೆ, ಇಲ್ಲ, ನಡುವೆ ಬರೀ ಬೆಳಕು — ನಾನೇ ಮೈಮರೆತು ಹೀರಿಬಿಟ್ಟೆನೇ, ಪಕ್ಕದ ಬಟ್ಟಲು ನೋಡು, ಮದ್ದು ಹಾಕದ್ದು, ಅಲ್ಲಿ ಉಂಡೆಗಳ ಜಾತ್ರೆ, ಅದನ್ನು ನೋಡಿಕೊಂಡದ್ದೂ ಇದೇ ಕೈ, ಇದೇ ಕೊಳವೆ, ಹಾಗಾದರೆ ಇದು ನಿಜವಾಗಿಯೂ ಖಾಲಿ, ರೈಲಿಯನ್ನು ಕರೆದೆ, ಬನ್ನು ಅಗಿಯುತ್ತಲೇ ಬಂದು ಕೂತಳು, ತುಂಬ ಹೊತ್ತು ನೋಡಿದಳು, ಅಗಿಯುವುದು ನಿಂತಿತು, ಫೋನ್ ಮಾಡೇ ಅವನಿಗೆ, ಇನ್ನೇನ್ ಕಾಯ್ತಿದೀಯ — ನದಿ ದಂಡೆಯ ಸಂತೆಯಲ್ಲಿದ್ದಾನಂತೆ, ಸಾಲ್ಮನ್ ಸಾರು ಕುಡಿಯುತ್ತಿದ್ದಾನಂತೆ, ಒಂದೂ ಇಲ್ವಾ, ಇಲ್ಲ ಕಣೋ, ಮತ್ತೆ ಯಾಕೆ ಅಳ್ತೀಯ, ನನ್ನ ಸಾರು ಆರೋಗ್ತಿದೆ, ಎರಡೂ ಕಾಲ ಮೇಲೆ ನಿಂತು ಕುಡೀತಿದೀನಿ ಕಣೆ ಅಕ್ಕಾ, ಅಂದವನು ಸೊರ್ರನೆ ಇನ್ನೊಂದು ಗುಟುಕು ಹೀರಿದ, ಸಂತೋಷವಾಗಿದೆ ನನಗೆ, ಹೊಟ್ಟೆ ಹಸಿಯುವಷ್ಟು ಸಂತೋಷ, ಬನ್ನು ಉಳಿದಿದೆಯೋ ಇಲ್ಲವೋ, ಹೋಗಬೇಕು, ಒಂದೇ ಒಂದು ಸಲ ನೋಡಿ ಏಳುತ್ತೇನೆ — ಬೆಳಕು, ತಿಳಿಗೆಂಪು ನೀರು, ಖಾಲಿ, ಇನ್ನೊಂದು ಸಲ, ಬೆಳಕು, ನೀರು, ಖಾಲಿ, ಇನ್ನೊಂದೇ ಸಲ, ಖಾಲಿ —