ಮುದಕಪ್ಪನ ಚುಕ್ಕಿ ರಿಪೇರಿ

ಮುದಕಪ್ಪನ ಬಲಗಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಎದುರಿಗೆಲ್ಲ ಮಂಜು, ಮಂಜಿನೊಳಗೆ ಚುಕ್ಕಿಗಳು ಗಿರಿಗಿರಿ ತಿರುಗಿದಂತೆ ಕಾಣುತ್ತಿತ್ತು. ಹೋದ ಹಂಗಾಮಿನಲ್ಲಿ ಅವನು ಕೂರಿಗೆ ಹಿಡಿದು ಬಿತ್ತಿದ ಹೆಸರುಕಾಳು ಹುಟ್ಟಿದಾಗ ಸಾಲುಗಳು ಹಾವು ಹರಿದಂತೆ ಎದ್ದಿದ್ದವು. ಮುಳಗುಂದದ ಹಾದಿಯಲ್ಲಿ ಹೋಗಿಬರುವವರೆಲ್ಲ ನಿಂತು ನೋಡಿ ನಕ್ಕಿದ್ದರು.

"ಮಾವಾರ, ಕಣ್ಣ ಮಾಡಿಸಿಕೊಳ್ರಿ. ಇಲ್ಲಾಂದ್ರ ಈ ಸಲ ಕೂರಿಗಿ ನಾ ಹಿಡಿತೀನಿ," ಎಂದು ಸೊಸೆ ತಿಪ್ಪವ್ವ ಹೇಳಿಬಿಟ್ಟಿದ್ದಳು.

ಗದಗಿನ ಡಾಕ್ಟರು ಆಪರೇಶನ್ ಆಗಲೇಬೇಕು ಅಂದಿದ್ದರು. ಕೂರಿಗೆ ಬಿಡಲು ಮುದಕಪ್ಪನಿಗೆ ಮನಸ್ಸಿಲ್ಲ, ಕಣ್ಣಿಗೆ ಕತ್ತರಿ ತಾಗಿಸಲು ಧೈರ್ಯವಿಲ್ಲ.

ಅಷ್ಟರಲ್ಲಿ ನೆರೆಮನೆಯ ಬಸವಣ್ಣೆವ್ವ ನಳದ ಹತ್ತಿರ ಸುದ್ದಿ ಹರಡಿದಳು. ಧಾರವಾಡದಲ್ಲಿ ಸಂಶೋಧನೆ ಮಾಡುವ ಅವಳ ಮೊಮ್ಮಗಳು ಕಾಂಚನಾ ಊರಿಗೆ ಬಂದಿದ್ದಾಳೆ. ಚುಕ್ಕಿ ತಿರುಗುವುದನ್ನು ಅಯಸ್ಕಾಂತ ಹಚ್ಚಿ ಹದಕ್ಕೆ ತರುವುದೇ ಅವಳ ಕೆಲಸವಂತೆ. ಮುದಕಪ್ಪ ರುಮಾಲು ಸುತ್ತಿಕೊಂಡು ಹೊರಟೇಬಿಟ್ಟ.

"ಕಾಂಚನವ್ವಾ, ನನ್ನ ಕಣ್ಣಾಗೂ ಚುಕ್ಕಿ ತಿರಗ್ತಾವ. ನಿನ್ನ ಕಾಂತ ಹಚ್ಚಿ ನಿಲ್ಲಿಸಿಬಿಡು. ಕತ್ತರಿ ಮಾತ್ರ ಬ್ಯಾಡ."

ಕಾಂಚನಾ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಜೋಳ ಹಸನು ಮಾಡುವ ಮೊರದೊಳಗೆ ಮುಖ ಹಾಕಿಕೊಂಡಿದ್ದಳು.

"ಮುತ್ತ್ಯಾ, ನಮ್ಮವು ಬ್ಯಾರೆ ಚುಕ್ಕಿ. ಮೊಬೈಲಿನ ಚಿಪ್ಪಿನ್ಯಾಗ ಅರೆವಾಹಕ ಇರತೈತಲ್ಲ, ಅಂಥಾದ್ದರ ಹರಳು. ನಿಮ್ಮ ಮೀಸಿ ಕೂದಲಿನ ಅಗಲಕ್ಕ ಹತ್ತು ಸಾವಿರ ಕುಂಡರತಾವ."

"ಕುಂಡರ್ಲಿ. ತಿರಗ್ತಾವೋ ಇಲ್ಲೋ?"

"ಚುಕ್ಕಿ ತಿರಗೂದಿಲ್ಲ. ಒಳಗಿನ ಎಲೆಕ್ಟ್ರಾನಿಗೆ ಸ್ಪಿನ್ ಅಂತ ಒಂದು ಗುಣ ಐತಿ. ಸಣ್ಣ ಕಾಂತ ಇದ್ದಂಗ. ಮ್ಯಾಲರೆ ಮುಖ ಮಾಡತೈತಿ, ಕೆಳಗರೆ ಮಾಡತೈತಿ. ಹರಳಿಗೆ ಚೂರು ಮ್ಯಾಂಗನೀಸ್ ಬೆರೆಸಿದ್ರ ಹೊರಗಿನ ಕಾಂತಕ್ಕ ಅದು ಭಾಳ ಜೋರ ಓಗೊಡತೈತಿ. ಎಷ್ಟು ಬೆರೆಸಬೇಕು, ಚುಕ್ಕಿ ಎಷ್ಟು ದೊಡ್ಡದಿರಬೇಕು, ಆ ಹದ ಹುಡುಕೂದ ನನ್ನ ಕೆಲಸ."

"ಒಗ್ಗರಣಿ ಇದ್ದಂಗ."

"ಹಂಗ ಅನ್ರಿ."

"ಹಂಗಾರ ನನ್ನ ಕಣ್ಣಿಗೂ ಒಂದು ಒಗ್ಗರಣಿ ಕೊಡು."

ಕಾಂಚನಾ ಮುಖ ಗಂಭೀರ ಮಾಡಿಕೊಂಡಳು. "ಕೊಡಬಹುದು. ಆದ್ರ ನಮ್ಮ ಕಾಂತ ಇಲ್ಲಿಗೆ ತರಾಕ ಬರೂದಿಲ್ಲ. ಕಣ್ಣನ್ನ ಅಲ್ಲಿಗೆ ಒಯ್ಯಬೇಕು."

"ನಾನ ಬರ್ತೀನಿ."

"ನೀವು ಹಿಡಿಸೂದಿಲ್ಲ. ಅದರ ಬಾಯಿ ಇಷ್ಟ ಐತಿ," ಎಂದು ಎರಡು ಬೆರಳು ಅಗಲಿಸಿ ತೋರಿಸಿದಳು. "ಕಣ್ಣಷ್ಟ ಬಿಚ್ಚಿ ಕೊಡ್ರಿ. ಹೀಲಿಯಂನ್ಯಾಗ ಬರ್ಫಕ್ಕಿಂತ ಭಾಳ ಥಣ್ಣಗ ಇಡ್ತೀವಿ. ನಿಮ್ಮ ಪಾಳಿ ದೀಪಾವಳಿ ಸುಮಾರಿಗೆ ಬರಬಹುದು."

ಮೊರದ ಹಿಂದೆ ಅಜ್ಜಿಗೆ ಕೆಮ್ಮು ಬಂತು. ಹುಡುಗಿಯ ತುಟಿಯಂಚು ಅಲುಗಿದ್ದು ಮುದಕಪ್ಪನ ಎಡಗಣ್ಣಿಗೆ ಚೆನ್ನಾಗಿಯೇ ಕಂಡಿತ್ತು. ತನ್ನನ್ನು ಆಡಿಸುತ್ತಿದ್ದಾಳೆ ಎಂದು ತಿಳಿಯದಷ್ಟು ದಡ್ಡನೇನಲ್ಲ ಅವನು. ಆದರೆ ಇಷ್ಟು ದಿನ ಹೆದರಿ ಕೂತಿದ್ದ ಅನ್ನಿಸಿಕೊಳ್ಳದೆ ಗದಗಿಗೆ ಹೋಗಲು ಇದಕ್ಕಿಂತ ಒಳ್ಳೆಯ ದಾರಿ ಸಿಗುವಂತಿರಲಿಲ್ಲ.

"ಗದಗಿನವರು ಕಣ್ಣ ಇಟ್ಟಗೋತಾರೇನು?"

"ಇಲ್ಲ ಮುತ್ತ್ಯಾ. ಇದ್ದಲ್ಲೇ ಪೊರಿ ತಗದು ಲೆನ್ಸ್ ಕೂಡಸ್ತಾರ. ಸಂಜಿಕೆ ಮನಿಗೆ ಬರ್ತೀರಿ."

"ಆತು ಬಿಡು. ಅವರ ಚಲೋ."

ಮರುದಿನ ತಿಪ್ಪವ್ವನ ಜೊತೆ ಬಸ್ಸು ಹತ್ತಿದವನು, ಎಲ್ಲಿಗೆ ಹೊಂಟಿರಿ ಅಂದವರಿಗೆಲ್ಲ ಒಂದೇ ಮಾತು ಹೇಳಿದ: "ಧಾರವಾಡದವರು ನಿನ್ನ ಕಣ್ಣ ಬೇಕ ಬೇಕು ಅಂತ ಗಂಟಬಿದ್ರು. ಕೂರಿಗಿ ಹಿಡಿಯೋ ಕಣ್ಣು, ದೀಪಾವಳಿತನಕ ಕೊಡಾಕ ಆಗೂದಿಲ್ಲ ಅಂದೆ."

ತಿಪ್ಪವ್ವ ಬಾಯಿಗೆ ಸೆರಗು ಹಿಡಿದು ಕಿಟಕಿಯಾಚೆ ನೋಡಿದಳು.