ಹೋಲಿಕೆಗೆ ಇಟ್ಟ ಬೀದಿ

ಸರ್ವೆ ಹುಡುಗಿ ಕೆಳಬೀದಿಗೆ ಬಂದಾಗಲೆಲ್ಲ ಮೊದಲು ಕೂರುತ್ತಿದ್ದುದು ಟೈಲರಮ್ಮನ ಹೊಲಿಗೆ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ. ಬಡತನ ಹೇಗೆ ಕಡಿಮೆಯಾಗುತ್ತದೆ ಎಂದು ಸಂಶೋಧನೆ ನಡೆಸುವ ಸಂಸ್ಥೆಯವಳು ಅವಳು. ನೆನ್ನೆ ಒಲೆ ಹಚ್ಚಿದಿರಾ, ಗಂಡ ದುಡಿದದ್ದು ಮನೆಗೆ ತರುತ್ತಾನಾ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದರೆ ಮಾನವಂತರು ಯಾರು ತಾನೇ ಉತ್ತರ ಕೊಡುತ್ತಾರೆ? ಟೈಲರಮ್ಮನೇ ಮನೆಮನೆಗೆ ಕರೆದೊಯ್ದು ಎಲ್ಲರ ಬಾಯಿ ಬಿಡಿಸಿದ್ದಳು.

ಅವಳಿಗೂ ಒಂದು ಆಸೆಯಿತ್ತು. ಸಂಸ್ಥೆ ಮೇಲುಬೀದಿಯಲ್ಲಿ ಶಿಶುವಿಹಾರ ತೆರೆದಿತ್ತು. ಅಲ್ಲಿನ ತಾಯಂದಿರು ಮಕ್ಕಳನ್ನು ಬಿಟ್ಟು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುತ್ತಿದ್ದರು. ಗಂಡ ಕೈಬಿಟ್ಟಿದ್ದರಿಂದ ಕೂಸಿನೊಡನೆ ತವರು ಸೇರಿದ್ದ ಟೈಲರಮ್ಮನ ಮಗಳಿಗೂ ಬಿಸ್ಕತ್ತು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಆದರೆ ಕತ್ತರಿ, ಸೂಜಿ, ಕಾದ ಇಸ್ತ್ರಿಪೆಟ್ಟಿಗೆಯ ನಡುವೆ ಅಂಬೆಗಾಲಿಡುವ ಕೂಸನ್ನು ಬಿಡುವುದು ಹೇಗೆ?

"ನಿಮ್ಮ ಬೀದಿಗೂ ಬರುತ್ತೆ ಅಕ್ಕ, ಸ್ವಲ್ಪ ತಾಳಿ" ಎನ್ನುತ್ತಿದ್ದಳು ಹುಡುಗಿ.

ತಾಳಿ ತಾಳಿ ಸಾಕಾದ ಟೈಲರಮ್ಮ ಒಂದು ದಿನ ಮೊಮ್ಮಗುವನ್ನು ಎತ್ತಿಕೊಂಡು ಮೇಲುಬೀದಿಗೇ ನಡೆದಳು. ಆಯಾ ಬೇಡವೆನ್ನಲಿಲ್ಲ. ಮಗಳು ಕಾರ್ಖಾನೆಗೆ ಹೋದಳು. ವಾರ ತುಂಬುವುದರೊಳಗೆ ಹುಡುಗಿಯೇ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹಿಂದಕ್ಕೆ ತಂದಳು. "ಅಲ್ಲಿ ಜಾಗ ಇಲ್ವಂತೆ ಅಕ್ಕ." ಅವಳ ಕಣ್ಣು ತುಂಬಿತ್ತು. ಪಾಪ, ಟೈಲರಮ್ಮನೇ ಅವಳಿಗೆ ಸಮಾಧಾನ ಹೇಳಿ ಕಳಿಸಿದಳು. ಮಗಳ ಕೆಲಸ ಹೋಯಿತು.

ಸಂಶೋಧನೆಯ ಫಲ ಸಾರಲು ಸಂಸ್ಥೆ ಸಭೆ ಕರೆದಾಗ ಟೈಲರಮ್ಮ ಒಳ್ಳೆಯ ಸೀರೆಯುಟ್ಟು ಮುಂದಿನ ಸಾಲಿನಲ್ಲೇ ಕೂತಳು. ದೊಡ್ಡ ಸಾಹೇಬರು ಎದ್ದು ನಿಂತರು. "ಒಂದು ಬೀದಿಗೆ ಶಿಶುವಿಹಾರ ಕೊಟ್ಟೆವು. ಇನ್ನೊಂದಕ್ಕೆ ಬೇಕೆಂದೇ ಕೊಡಲಿಲ್ಲ. ಎರಡನ್ನೂ ಹೋಲಿಸಿದ್ದರಿಂದಲೇ ಇದರ ಲಾಭ ಸಾಬೀತಾಯಿತು" ಎಂದರು. ಕೆಳಬೀದಿಯವರ ತಾಳ್ಮೆಗೆ ಚಪ್ಪಾಳೆ ಬೇರೆ ತಟ್ಟಿಸಿದರು. ತಾಳ್ಮೆಯಂತೆ, ಮಣ್ಣಂತೆ! ಬೇಕೆಂದೇ ಕೊಡುತ್ತಿಲ್ಲವೆಂದು ಮೊದಲೇ ಗೊತ್ತಿದ್ದರೆ ತಾನೇ ತಾಳ್ಮೆ?

ಬಾಗಿಲ ಹತ್ತಿರ ಟೈಲರಮ್ಮ ಹುಡುಗಿಯನ್ನು ತಡೆದಳು.

"ಆವತ್ತು ಅಲ್ಲಿ ಜಾಗ ಇತ್ತಾ?"

ಹುಡುಗಿ ತಲೆ ತಗ್ಗಿಸಿದಳು. "ಇತ್ತು ಅಕ್ಕ. ನಿಮ್ಮ ಬೀದಿ ಮಗು ಅಲ್ಲಿದ್ರೆ ಹೋಲಿಕೆ ಕೆಡುತ್ತಿತ್ತು. ಆದ್ರೆ ನೋಡಿ, ಇನ್ಮೇಲೆ ಎಷ್ಟೋ ಊರಲ್ಲಿ ಶಿಶುವಿಹಾರ ಬರುತ್ತೆ."

"ನಮ್ಮ ಬೀದಿಗೆ?"

"ಇನ್ನೂ ಎರಡು ವರ್ಷ ಹೀಗೇ ನೋಡ್ಬೇಕಂತೆ."

ಟೈಲರಮ್ಮ ಬೈಯಲು ಬಾಯಿ ತೆರೆದರೆ ಬಂದದ್ದು ಅಳು. ಇಷ್ಟು ದಿನ ತಂಗಿಯಂತೆ ನೋಡಿಕೊಂಡವಳ ಮುಂದೆ ಅಳುವುದಕ್ಕೂ ನಾಚಿಕೆಯಾಗಿ ದುಡುದುಡು ಮನೆಗೆ ಬಂದುಬಿಟ್ಟಳು.

ಮಗಳು ಕೂಸಿಗೆ ಉಣ್ಣಿಸುತ್ತಿದ್ದಳು. ಟೈಲರಮ್ಮ ಒಂದೂ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು. ಮಗಳ ತುತ್ತಿನ ಕೈ ಹಾಗೇ ನಿಂತಿತು.

"ದಿನಾ ನಿನ್ನ ಪಕ್ಕಾನೇ ಕೂತಿರ್ತಿದ್ಲಲ್ಲ ಅವ್ಳು" ಎಂದಳು ಮಗಳು. "ನಿಂಗೂ ಗೊತ್ತಿತ್ತೇನಮ್ಮಾ?"