ಮುತ್ತಬ್ಬೆಯ ಕೊನೆಯ ಪುಟ

ಮಕರ ಮಾಸ ಮುಗಿಯುತ್ತ ಬಂದಿತ್ತು. ಮಲಯಾಳ ಸೀಮೆಯ ಕಲ್ಲೂರಿನ ವಿಮಲನಾಥರ ಮನೆಯಂಗಳದಲ್ಲಿ ಕರಿಮೆಣಸು ರಾಶಿ ಬಿದ್ದಿತ್ತು. ಏಳೆಂಟು ಹೆಂಗಸರು ಸುತ್ತ ಕೂತು ಗೊಂಚಲಿನಿಂದ ಕಾಳು ಬಿಡಿಸುತ್ತಿದ್ದರು. ಮನೆಯೊಡತಿ ಪದ್ಮಿನಿ ನಡುವೆ ಮಣೆ ಹಾಕಿಕೊಂಡು ಕಾದಂಬರಿ ಓದುತ್ತಿದ್ದಳು.

ಅದು ರಾಜರ ಕಾಲದ ಕಥೆ. ಮೆಣಸಿನ ವ್ಯಾಪಾರಿಯ ಮಗಳು ಮುತ್ತಬ್ಬೆ, ಅವಳು ಮನಸ್ಸು ಕೊಟ್ಟ ದಳವಾಯಿ ಕೇತಯ್ಯ. ಈಗ ಅದೇ ಸಿನಿಮಾ ಆಗಿ, ಮಲಯಾಳಕ್ಕೆ ಡಬ್ ಆಗಿ, ಭಾನುವಾರ ಬತ್ತೇರಿ ಪೇಟೆಯ ಥಿಯೇಟರಿಗೆ ಬರುವುದಿತ್ತು. "ಕಥೆ ತಿಳಿಯದೆ ಹೋದರೆ ಬರೀ ಕುದುರೆ ಓಡೋದು ಕಾಣುತ್ತೆ" ಎಂದು ಪದ್ಮಿನಿ ಪುಸ್ತಕ ಬಿಚ್ಚಿ ಹನ್ನೆರಡು ದಿನ ಆಗಿತ್ತು. ಬಸದಿಯಲ್ಲಿ ಶಾಸ್ತ್ರ ಓದುವ ಕ್ರಮವೇ ಇಲ್ಲೂ ನಡೆದಿತ್ತು: ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಅತ್ತೆ ಓದಿದ್ದನ್ನು ಸೊಸೆ ಕಾವ್ಯ ಮಲಯಾಳದಲ್ಲಿ ಹೇಳುತ್ತಿದ್ದಳು. ಅವಳಿಗೆ ಕನ್ನಡದ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಆ ಅಂಗಳದಲ್ಲಿ ಕನ್ನಡ ಓದಬಲ್ಲವಳು ತಾನೊಬ್ಬಳೇ ಎನ್ನುವುದಕ್ಕೆ ಪದ್ಮಿನಿಯ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಶನಿವಾರ ಕೊನೆಯ ಪುಟ ಬಂತು. ಓದುತ್ತಿದ್ದ ಸಾಲಿಗಿಂತ ಮುಂದೆ ಓಡಿದ ಕಣ್ಣು ಅಲ್ಲೇ ನಿಂತಿತು. ಕೇತಯ್ಯ ಯುದ್ಧದಲ್ಲಿ ಸತ್ತ, ಮುತ್ತಬ್ಬೆ ಹೊಳೆಗೆ ಹಾರಿದಳು, ಪುಸ್ತಕ ಮುಗಿಯಿತು. ಸಾವಿನ ಮೇಲೆ ಓದು ನಿಲ್ಲಿಸಬಾರದು, ಶುಭದ ನಾಲ್ಕು ಸಾಲು ಓದಿಯೇ ಪುಸ್ತಕ ಕಟ್ಟಬೇಕು ಎಂದು ಅವಳಿಗೆ ಅಪ್ಪ ಕಲಿಸಿದ್ದರು. ಇಲ್ಲಿ ಮುಂದೆ ಸಾಲೇ ಇಲ್ಲ, ಬರೀ ಬಿಳಿ ಹಾಳೆ. ಅವಳ ಬಾಯಿ ಮಾತ್ರ ನಿಲ್ಲಲಿಲ್ಲ.

"ಕೇತಯ್ಯ ಸತ್ತನೆಂದು ಬಂದ ಸುದ್ದಿ ಸುಳ್ಳಾಗಿತ್ತು," ಎಂದು ಓದಿದಳು. "ಮಂಜಿನೊಳಗಿಂದ ದೋಣಿಯೊಂದು ಬಂತು. ಹುಟ್ಟು ಹಾಕುತ್ತಿದ್ದವನ ಒಂದು ತೋಳಿಗೆ ಬಟ್ಟೆ ಸುತ್ತಿತ್ತು..."

ಕಾವ್ಯ ಅರ್ಥ ಹೇಳಿದಳು. ಕೆಲಸದ ಜಾನು ಸೆರಗಿನಿಂದ ಕಣ್ಣೊರೆಸಿಕೊಂಡು, "ಬಂದನಲ್ಲ, ಸಾಕು ಚೇಚಿ!" ಎಂದಳು. ಅಕ್ಕ ಎನ್ನುವುದಕ್ಕೆ ಅವಳ ಮಲಯಾಳದ ಮಾತು ಅದು.

ಸಿನಿಮಾದವರು ಹೇಗೂ ಕೊನೆ ಬದಲಾಯಿಸುತ್ತಾರೆ, ತನ್ನ ಗುಟ್ಟು ಉಳಿಯುತ್ತೆ ಎಂದು ಪದ್ಮಿನಿ ಧೈರ್ಯ ತಂದುಕೊಂಡಳು. ಹೊತ್ತು ಮುಳುಗುವ ಮುಂಚೆ ಉಣ್ಣುವ ಮನೆ. ಹಾಗಾಗಿ ಮಧ್ಯಾಹ್ನದ ಆಟಕ್ಕೇ ಎಲ್ಲರೂ ಹೋದರು. ಸಿನಿಮಾದವರು ಹಾಡು ತುರುಕಿದ್ದರು, ಕುದುರೆ ಹೆಚ್ಚಿಸಿದ್ದರು, ಕೊನೆಯನ್ನು ಮಾತ್ರ ಪುಸ್ತಕದಲ್ಲಿದ್ದ ಹಾಗೇ ಇಟ್ಟಿದ್ದರು. ಮುತ್ತಬ್ಬೆ ಹೊಳೆಗೆ ಹಾರಿದಳು.

ದೀಪ ಹತ್ತುವಷ್ಟರಲ್ಲಿ ಜಾನು ಎದ್ದು ನಿಂತಿದ್ದಳು. "ಇವರು ಪುಸ್ತಕ ಓದೇ ಇಲ್ಲ!" ಎಂದು ಥಿಯೇಟರೆಲ್ಲ ಕೇಳುವ ಹಾಗೆ ಕೂಗಿದಳು. "ಕೇತಯ್ಯ ಸತ್ತಿಲ್ಲ. ನಮ್ಮ ಚೇಚಿ ಪೂರ್ತಿ ಓದಿದ್ದಾರೆ, ಬೇಕಾದರೆ ಕೇಳಿ!"

ಮುಂದಿನ ಸಾಲಿನವರು ತಿರುಗಿ ನೋಡಿದರು. ಪದ್ಮಿನಿಗೆ ಎದೆ ಉಬ್ಬಿತು, ಆ ಕ್ಷಣವೇ ತನ್ನ ಸುಳ್ಳು ನೆನಪಾಗಿ ಜಾನುವಿನ ಸೆರಗು ಹಿಡಿದು ಎಳೆದಳು.

ಮನೆಗೆ ಮರಳುವ ಜೀಪಿನಲ್ಲಿ ಕಾವ್ಯ, "ನಾಳೆ ಆ ಪುಟ ಇನ್ನೊಮ್ಮೆ ಓದಿ ಅತ್ತೆ. ಫೋನಲ್ಲಿ ಹಿಡಿದು ಎಲ್ಲರಿಗೂ ಕಳಿಸ್ತೀನಿ" ಎಂದಳು. ತನ್ನ ಓದನ್ನು ನಂಬಿದವರ ಮುಂದೆ ಇನ್ನೊಂದು ಸಲ ಸುಳ್ಳು ಓದಲು ಪದ್ಮಿನಿಯ ಮನಸ್ಸು ಒಪ್ಪಲಿಲ್ಲ.

ಮರುದಿನ ಅಂಗಳದಲ್ಲಿ ಪುಸ್ತಕ ಬಿಚ್ಚಿದಳು. "ಒಂದು ಪುಟ ನಿಮಗೆ ಬಾಕಿ ಇಟ್ಟಿದ್ದೆ" ಎಂದವಳೇ ಮುತ್ತಬ್ಬೆ ಮುಳುಗಿದ ಸಾಲುಗಳನ್ನು ಇದ್ದದ್ದು ಇದ್ದ ಹಾಗೆ ಓದಿದಳು. ಕಾವ್ಯ ಅರ್ಥ ಹೇಳುತ್ತ ಹೇಳುತ್ತ ಅತ್ತೆಯ ಮುಖ ನೋಡಿದಳು.

"ಹಾಗಾದರೆ ಆ ದೋಣಿ?" ಜಾನು ಕೇಳಿದಳು.

"ನಾನೇ ಕಟ್ಟಿದ್ದು."

ಎಲ್ಲರ ಕೈಯೂ ನಿಂತಿತು. ಜಾನು ಒಂದು ಗೊಂಚಲು ಎತ್ತಿಕೊಂಡು, ನಿಧಾನವಾಗಿ ಅಷ್ಟೂ ಕಾಳು ಬಿಡಿಸಿ ಮುಗಿಸಿದಳು.

"ಕೋಟಿಗಟ್ಟಲೆ ಸುರಿದ ಸಿನಿಮಾದವರಿಗೆ ಹೊಳೆಯದೇ ಇದ್ದದ್ದು ನಮ್ಮ ಚೇಚಿಗೆ ಕೂತಲ್ಲೇ ಹೊಳೀತು ನೋಡಿ!" ಎಂದು ಎಲ್ಲರ ಕಡೆಗೂ ತಿರುಗಿದಳು. ಆಮೇಲೆ ದನಿ ಬದಲಿಸಿದಳು. "ಆದರೆ ಅಷ್ಟು ಜನರ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಿ. ಆ ಸಾಲ ತೀರಿಸಬೇಕು."

"ಹೇಗೆ ತೀರಿಸಲಿ, ಹೇಳವ್ವ?"

"ದೋಣಿ ದಡಕ್ಕೆ ಬಂತಲ್ಲ, ಆಮೇಲೆ? ಅವಳಪ್ಪ ಒಪ್ಪಿದನಾ? ಮದುವೆ ಎಲ್ಲಾಯ್ತು? ಮಕ್ಕಳೆಷ್ಟು?"

ಅದನ್ನು ಪದ್ಮಿನಿ ಯೋಚಿಸಿಯೇ ಇರಲಿಲ್ಲ. ರಾಶಿ ಇನ್ನೂ ಅರ್ಧ ಉಳಿದಿತ್ತು. ಅವಳು ಪುಸ್ತಕವನ್ನು ಪಕ್ಕಕ್ಕಿಟ್ಟು ಬೆನ್ನು ನೆಟ್ಟಗೆ ಮಾಡಿ ಕೂತಳು.

"ಅಪ್ಪ ಸುಲಭಕ್ಕೆ ಒಪ್ಪಲಿಲ್ಲ," ಎಂದು ಶುರುಮಾಡಿದಳು. ಕಾವ್ಯ ಅರ್ಥ ಹೇಳಲು ಹತ್ತಿರ ಸರಿದಳು.